‘ಸಮಾಜವಿಮರ್ಶಕ’ ಎಂಬ ವಿಶೇಷಣ: ಪರಿಕಲ್ಪನೆಯ ನೆಲೆ ಮತ್ತು ದಾವಣಗೆರೆ ಸೀಮೆಯ ನಾಲ್ಕು ಆಕರಗಳು

ಸಾಹಿತ್ಯ ವಿಮರ್ಶೆಯ ಪರಿಭಾಷೆಯಲ್ಲಿ ನಾಮಪದಗಳಿಗೆ ದೊರೆತಷ್ಟು ಗಮನ ವಿಶೇಷಣಗಳಿಗೆ ದೊರೆತಿಲ್ಲ. ‘ಕಾವ್ಯ’, ‘ರಸ’, ‘ಶೈಲಿ’, ‘ಪಠ್ಯ’ ಮೊದಲಾದ ಮಾತುಗಳ ಅರ್ಥವನ್ನು ಕುರಿತು ಹಲವು ಚರ್ಚೆಗಳು ನಡೆದಿವೆ. ಆದರೆ ಒಂದು ಕೃತಿಯನ್ನು ‘ಪ್ರಗತಿಪರ’, ‘ಜೀವಪರ’, ‘ಬಂಡಾಯದ’, ‘ವೈಚಾರಿಕ’ ಎಂದು ಕರೆದಾಗ ಆ ಕರೆಯುವಿಕೆಯಲ್ಲೇ ಒಂದು ತೀರ್ಮಾನ ಅಡಗಿರುತ್ತದೆ ಎಂಬುದನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ಯಾವ ಪಠ್ಯ ಸಾಹಿತ್ಯ ಚರಿತ್ರೆಯ ಯಾವ ಅಧ್ಯಾಯಕ್ಕೆ ಸೇರಬೇಕು, ಯಾವುದು ಪಠ್ಯಕ್ರಮದೊಳಗೆ ಬರಬೇಕು, ಯಾವುದು ‘ಜಾನಪದ’ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಉಳಿಯಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವು ಈ ವಿಶೇಷಣಗಳೇ. ಆದ್ದರಿಂದ ಅವುಗಳ ಪರಿಶೀಲನೆ ಕೇವಲ ಭಾಷಾಶಾಸ್ತ್ರದ ವಿಷಯವಲ್ಲ.

ಡೇನಿಶ್ ಭಾಷೆಯಲ್ಲಿ ‘ಸಮ್‌ಫುನ್ಸ್‌ಕ್ರಿಟಿಸ್ಕ್’ ಎಂಬ ಒಂದು ವಿಶೇಷಣವಿದೆ. ಸಮಾಜವನ್ನು ವಿಮರ್ಶೆಗೆ ಒಡ್ಡುವ ಕಾದಂಬರಿ, ನಾಟಕ, ಚಿತ್ರ, ಸಿನಿಮಾ, ಚಿಂತನೆ ಎಲ್ಲಕ್ಕೂ ಅದು ಸಲ್ಲುತ್ತದೆ. ಈ ಪದವನ್ನು ಎದುರಿಗಿಟ್ಟುಕೊಂಡು ಕನ್ನಡದಲ್ಲಿ ಅದೇ ಕೆಲಸವನ್ನು ಮಾಡುತ್ತಿರುವ ಪದಗಳ ಸ್ವರೂಪವನ್ನು ಗುರುತಿಸುವುದು, ಅನಂತರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಗೆ ಸಂಬಂಧಿಸಿದ ನಾಲ್ಕು ಆಕರಗಳ ಮೂಲಕ ಅಂತಹ ಒಂದು ವಿಶೇಷಣದ ಅಗತ್ಯ ಮತ್ತು ಮಿತಿಗಳನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪದದ ರಚನೆ

‘ಸಮ್‌ಫುನ್ಸ್‌ಕ್ರಿಟಿಸ್ಕ್’ ಒಂದು ಸಮಸ್ತಪದ. ‘ಸಮ್‌ಫುನ್’ ಎಂದರೆ ಸಮಾಜ. ‘ಕ್ರಿಟಿಸ್ಕ್’ ಎಂದರೆ ವಿಮರ್ಶಾತ್ಮಕ. ಎರಡರ ನಡುವೆ ಬರುವ ಸಕಾರವು ಷಷ್ಠೀ ವಿಭಕ್ತಿಯ ಉಳಿಕೆ. ಅಂದರೆ ಕನ್ನಡದ ಪಂಡಿತರಿಗೆ ಚಿರಪರಿಚಿತವಾದ ಷಷ್ಠೀ ತತ್ಪುರುಷದ ಮಾದರಿಯಲ್ಲೇ ಅದನ್ನು ಬಿಡಿಸಬಹುದು. ‘ಸಮ್‌ಫುನ್’ ಪದದ ಹಳೆಯ ಅರ್ಥ ಭೇಟಿ, ಒಂದೆಡೆ ಕೂಡುವುದು ಎಂದು. ಸಂಸ್ಕೃತದ ‘ಸಮಾಜ’ವೂ ‘ಸಂ’ ಉಪಸರ್ಗದೊಡನೆ ‘ಅಜ್’ ಧಾತು ಸೇರಿ ಆದುದು; ಒಟ್ಟಿಗೆ ಸೇರಿದ ಗುಂಪು, ನೆರವಿ ಎಂಬುದೇ ಅದರ ಮೊದಲ ಅರ್ಥ. ಅಶೋಕನ ಮೊದಲನೆಯ ಬಂಡೆಗಲ್ಲು ಶಾಸನದಲ್ಲಿ ‘ಸಮಾಜ’ವೆಂಬುದು ಜನ ನೆರೆಯುವ ಉತ್ಸವ ಎಂಬ ಅರ್ಥದಲ್ಲೇ ಬಂದಿದೆ, ಅಲ್ಲಿ ಅದನ್ನು ನಡೆಸಕೂಡದೆಂದು ಹೇಳಲಾಗಿದೆ. ವ್ಯವಸ್ಥೆ, ಶ್ರೇಣಿ, ಸಂಸ್ಥೆಗಳ ಒಟ್ಟು ಮೊತ್ತ ಎಂಬ ಅರ್ಥ ಈ ಎರಡೂ ಪದಗಳಿಗೆ ಬಹಳ ತಡವಾಗಿ ಬಂದುದು.

ಉತ್ತರಪದದಲ್ಲಿ ಮಾತ್ರ ಎರಡು ಭಾಷೆಗಳ ಹಾದಿ ಬೇರೆಯಾಗುತ್ತದೆ. ‘ಕ್ರಿಟಿಸ್ಕ್’ ಪದದ ಗ್ರೀಕ್ ಮೂಲಕ್ಕೆ ಬೇರ್ಪಡಿಸು, ತೀರ್ಪು ಕೊಡು ಎಂಬ ಅರ್ಥಗಳಿವೆ. ‘ವಿಮರ್ಶೆ’ಯ ಮೂಲವಾದ ‘ಮೃಶ್’ ಧಾತುವಿಗೆ ಮುಟ್ಟು, ಸವರು ಎಂಬ ಅರ್ಥವಿದೆ. ಒಂದು ತುಂಡರಿಸಿ ನೋಡುವ ಕ್ರಿಯೆ, ಇನ್ನೊಂದು ಕೈಯಿಂದ ಮುಟ್ಟಿ ನೋಡುವ ಕ್ರಿಯೆ. ತುಂಡರಿಸುವ ಅರ್ಥಕ್ಕೆ ಕನ್ನಡದಲ್ಲಿ ‘ಖಂಡನೆ’ ಎಂಬ ಮಾತು ಪ್ರತ್ಯೇಕವಾಗಿ ಉಳಿದುಕೊಂಡಿದೆ. ‘ಟೀಕೆ’ ಎಂಬ ಮಾತಿನ ಇತಿಹಾಸವೂ ಗಮನಾರ್ಹ. ಹಿಂದೆ ಗ್ರಂಥಕ್ಕೆ ಬರೆಯುವ ವ್ಯಾಖ್ಯಾನವನ್ನು ಸೂಚಿಸುತ್ತಿದ್ದ ಈ ಪದ ಇಂದು ಆಡುಮಾತಿನಲ್ಲಿ ತಪ್ಪು ಎತ್ತಿ ಆಡುವುದನ್ನೇ ಸೂಚಿಸುತ್ತದೆ. ವಿವರಿಸುವುದರಿಂದ ಆಕ್ಷೇಪಿಸುವುದಕ್ಕೆ ಒಂದು ಪದ ಸರಿದುಹೋಗಿರುವುದು ಕನ್ನಡ ಸಮಾಜದಲ್ಲಿ ವಿಮರ್ಶೆಯ ಬಗೆಗೆ ಇರುವ ಅಳುಕನ್ನೂ ಸೂಚಿಸುತ್ತಿರಬಹುದು.

ಷಷ್ಠಿಯಿಂದ ಹುಟ್ಟುವ ಸಂದಿಗ್ಧತೆಯೂ ಇಲ್ಲಿ ಮುಖ್ಯ. ‘ಸಮಾಜದ ವಿಮರ್ಶೆ’ ಎಂದರೆ ಸಮಾಜವನ್ನು ಕುರಿತ ವಿಮರ್ಶೆಯೂ ಹೌದು, ಸಮಾಜವೇ ಮಾಡುವ ವಿಮರ್ಶೆಯೂ ಹೌದು. ವಿದ್ವತ್ತಿನ ಬಳಕೆಯಲ್ಲಿ ಮೊದಲನೆಯ ಅರ್ಥವೇ ಗಟ್ಟಿಯಾಗಿದೆ. ಅಲ್ಲಿ ವಿಮರ್ಶಿಸುವವನು ಒಬ್ಬ ಲೇಖಕ, ವಿಮರ್ಶೆಗೆ ಒಳಗಾಗುವುದು ಸಮಾಜ. ಎರಡನೆಯ ಅರ್ಥ ಉಳಿದಿರುವುದು ಐತಿಹ್ಯ, ಹಾಡು, ಕೂಟ, ಪ್ರದರ್ಶನ ಮೊದಲಾದ ಸಾಮುದಾಯಿಕ ರೂಪಗಳಲ್ಲಿ. ಮುಂದೆ ಪರಿಶೀಲಿಸುವ ಆಕರಗಳು ಈ ಎರಡನೆಯ ಅರ್ಥವನ್ನು ಮರಳಿ ಚರ್ಚೆಗೆ ತರುತ್ತವೆ.

2. ಡೇನಿಶ್ ಹಿನ್ನೆಲೆ

ಡೆನ್ಮಾರ್ಕಿನಲ್ಲಿ ಸಮಾಜವಿಮರ್ಶೆಯ ಪರಂಪರೆ ಹಳೆಯದು. ಲುಡ್ವಿಗ್ ಹೋಲ್‌ಬರ್ಗ್ 18ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ಪ್ರಹಸನಗಳಲ್ಲಿ ಪಾಂಡಿತ್ಯದ ಜಂಬ ಮತ್ತು ದರ್ಜೆಯ ಹುಚ್ಚು ನಗೆಗೀಡಾದವು. ಹಾನ್ಸ್ ಕ್ರಿಶ್ಚಿಯನ್ ಆಂಡರ್‌ಸನ್ 1837ರಲ್ಲಿ ಪ್ರಕಟಿಸಿದ ಚಕ್ರವರ್ತಿಯ ಹೊಸ ಉಡುಪಿನ ಕಥೆ ಕನ್ನಡದ ಮಕ್ಕಳಿಗೂ ತಿಳಿದಿರುವಂಥದು. ಆದರೆ ಸಮಾಜವಿಮರ್ಶೆಯನ್ನು ಸಾಹಿತ್ಯದ ಮೌಲ್ಯಮಾಪನದ ಮಾನದಂಡವಾಗಿಯೇ ಸ್ಥಾಪಿಸಿದವನು ಗಿಯೋರ್ಗ್ ಬ್ರಾಂಡೆಸ್. 1871ರ ನವೆಂಬರ್ ತಿಂಗಳಿನಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ಆತ ಪ್ರಾರಂಭಿಸಿದ ಉಪನ್ಯಾಸಮಾಲೆಯಲ್ಲಿ, ತನ್ನ ಕಾಲದ ಸಮಸ್ಯೆಗಳನ್ನು ಚರ್ಚೆಗೆ ಒಡ್ಡುವ ಸಾಹಿತ್ಯವೇ ಜೀವಂತ ಸಾಹಿತ್ಯ ಎಂಬ ನಿಲುವು ಪ್ರತಿಪಾದಿತವಾಯಿತು. ಮದುವೆ, ಧರ್ಮ, ಆಸ್ತಿ, ಲಿಂಗ ಸಂಬಂಧ ಇವೆಲ್ಲ ಹೀಗೆ ಸಾಹಿತ್ಯದ ವಸ್ತುಗಳಾದವು. ಇಬ್ಸೆನ್‌ನ ನಾಟಕಗಳೂ ಈ ವಾತಾವರಣದೊಡನೆ ಸಂಬಂಧವುಳ್ಳವು. ಇಬ್ಸೆನ್‌ನ ಮೂಲಕವೇ ಈ ಗಾಳಿಯ ಒಂದು ಎಳೆ ಕೈಲಾಸಂ ಮೊದಲಾದವರ ಕಾಲದ ಕನ್ನಡ ರಂಗಭೂಮಿಯನ್ನು ತಲುಪಿತು. ಮುಂದೆ ಮಾರ್ಟಿನ್ ಆಂಡರ್‌ಸನ್ ನೆಕ್ಸೊ, ಹಾನ್ಸ್ ಕಿರ್ಕ್ ಮೊದಲಾದವರು ಕೂಲಿಕಾರರ, ಮೀನುಗಾರರ ಬದುಕನ್ನು ಡೇನಿಶ್ ಕಾದಂಬರಿಗೆ ತಂದರು.

ಈ ಎಲ್ಲಕ್ಕೂ ಅನ್ವಯಿಸುವ ‘ಸಮ್‌ಫುನ್ಸ್‌ಕ್ರಿಟಿಸ್ಕ್’ ಎಂಬ ಮಾತಿನ ವೈಶಿಷ್ಟ್ಯವೆಂದರೆ ಅದು ಪಕ್ಷವನ್ನು ಹೇಳುವುದಿಲ್ಲ. ಲೇಖಕ ಎಡಪಂಥೀಯನೋ ಸಂಪ್ರದಾಯಸ್ಥನೋ, ಸಂಘಟನೆಯೊಂದರ ಸದಸ್ಯನೋ ಒಂಟಿಯೋ ಎಂಬುದನ್ನು ಅದು ಸೂಚಿಸುವುದಿಲ್ಲ. ಪಠ್ಯವು ಸಮಾಜದೊಡನೆ ಯಾವ ಕ್ರಿಯೆಯಲ್ಲಿ ತೊಡಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

3. ಕನ್ನಡದ ವಿಶೇಷಣಗಳು

ಕನ್ನಡ ವ್ಯಾಕರಣ ಪರಂಪರೆಯು ಗುಣವಚನವನ್ನು ನಾಮದ ವ್ಯಾಪ್ತಿಯಲ್ಲಿಟ್ಟು ನೋಡಿದೆ. ಅಚ್ಚಗನ್ನಡದ ಗುಣವಾಚಕಗಳು ಎಣಿಕೆಯಲ್ಲಿ ಕಡಿಮೆ. ಹೊಸ ವಿಶೇಷಣ ಬೇಕಾದಾಗ ಕನ್ನಡವು ಕೃದಂತವನ್ನು (ಸಮಾಜವನ್ನು ಪ್ರಶ್ನಿಸುವ), ಷಷ್ಠಿಯನ್ನು (ಬಂಡಾಯದ) ಅಥವಾ ಸಂಸ್ಕೃತದ ‘ಆತ್ಮಕ’, ‘ಪರ’, ‘ಮುಖಿ’, ‘ಇಕ’ ಮೊದಲಾದ ರೂಪಗಳನ್ನು ಆಶ್ರಯಿಸುತ್ತದೆ. ಈ ಆಯ್ಕೆಗಳು ಅರ್ಥದ ದೃಷ್ಟಿಯಿಂದ ಸಮಾನವಲ್ಲ. ‘ಪರ’ ಎಂಬುದು ಪಕ್ಷವನ್ನು ಹೇಳುತ್ತದೆ: ಜನಪರ, ಜೀವಪರ, ಪ್ರಗತಿಪರ. ‘ಮುಖಿ’ ಎಂಬುದು ದಿಕ್ಕನ್ನು ಹೇಳುತ್ತದೆ: ಸಮಾಜಮುಖಿ. ‘ಬದ್ಧತೆ’, ‘ಕಳಕಳಿ’ ಎಂಬ ನಾಮಪದಗಳು ಲೇಖಕನ ಮನೋಧರ್ಮವನ್ನು ಹೇಳುತ್ತವೆ. ಪಠ್ಯದ ಕ್ರಿಯೆಯನ್ನು ಹೇಳುವ ಪದಗಳು ಮಾತ್ರ ವಿರಳ.

ಇದಕ್ಕೆ ಚಾರಿತ್ರಿಕ ಕಾರಣಗಳಿವೆ. ಆಧುನಿಕ ಕನ್ನಡದಲ್ಲಿ ಸಮಾಜವಿಮರ್ಶೆಯ ಸಾಹಿತ್ಯಕ್ಕೆ ಹೆಸರು ಬಂದುದು ಬಹುಮಟ್ಟಿಗೆ ಚಳವಳಿಗಳಿಂದ. 1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ‘ಪ್ರಗತಿಶೀಲ’ ಎಂಬ ಹೆಸರು ರೂಢಿಗೆ ಬಂದಿತು. 1973ರ ಬೂಸಾ ಪ್ರಕರಣದ ಅನಂತರ ದಲಿತ ಚಿಂತನೆ ಸಂಘಟಿತ ರೂಪ ಪಡೆಯಿತು. 1970ರ ದಶಕದ ಮಧ್ಯಭಾಗದಲ್ಲಿ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಹರಿಹರದ ಪ್ರೊ. ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತು. 1980ರಲ್ಲಿ ಶಿವಮೊಗ್ಗೆಯ ನೆಲದಲ್ಲಿ ರಾಜ್ಯ ರೈತ ಸಂಘ ಹುಟ್ಟಿತು. ಅದೇ ವರ್ಷ ‘ಲಂಕೇಶ್ ಪತ್ರಿಕೆ’ ಪ್ರಾರಂಭವಾಯಿತು. ಇವು ಕನ್ನಡದ ಬೌದ್ಧಿಕ ಬದುಕಿಗೆ ನೀಡಿದ ಚಾಲನೆಯನ್ನು ಅಲ್ಲಗಳೆಯಲಾಗದು. ಆದರೆ ಸಂಘಟನೆಯ ಹೆಸರೇ ಸಾಹಿತ್ಯದ ವಿಶೇಷಣವೂ ಆದಾಗ ಎರಡು ತೊಡಕುಗಳು ಉಂಟಾಗುತ್ತವೆ. ಒಂದು, ಸಂಘಟನೆಯ ಕಾಲಕ್ಕೆ ಹಿಂದಿನ ಪಠ್ಯಗಳಿಗೆ ಆ ಹೆಸರನ್ನು ಅಂಟಿಸಿದರೆ ವಚನಕಾರರೂ ಸರ್ವಜ್ಞನೂ ‘ಬಂಡಾಯಗಾರ’ರಾಗಿ, ಅವರವರ ಕಾಲದ ವಿಶಿಷ್ಟತೆ ಅಳಿಸಿಹೋಗುತ್ತದೆ. ಎರಡು, ಆ ಹೆಸರನ್ನು ಅಂಟಿಸದೆ ಬಿಟ್ಟರೆ ಸಂಘಟನೆಯ ಹೊರಗಿನ ವಿಮರ್ಶೆ ವಿಮರ್ಶೆಯೆಂದೇ ಗಣನೆಗೆ ಬರುವುದಿಲ್ಲ. ಮುಂದಿನ ನಾಲ್ಕೂ ಆಕರಗಳು ಎರಡನೆಯ ತೊಡಕಿಗೆ ಸಿಲುಕಿದಂಥವು.

ಈ ತಾಲ್ಲೂಕುಗಳ ಆಡಳಿತ ಚರಿತ್ರೆಯನ್ನೂ ಇಲ್ಲಿ ಗಮನಿಸಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ 2018ರವರೆಗೂ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಹೀಗಾಗಿ ಇಲ್ಲಿನ ಆಕರಗಳು ಎರಡು ಜಿಲ್ಲೆಗಳ ಗ್ಯಾಸೆಟಿಯರ್‌ಗಳಲ್ಲಿ, ಸಂಕಲನಗಳಲ್ಲಿ ಹರಿದು ಹಂಚಿಹೋಗಿದ್ದು, ಅವುಗಳನ್ನು ಒಟ್ಟಾಗಿ ಓದುವ ಪ್ರಯತ್ನಕ್ಕೆ ಅವಕಾಶ ಕಡಿಮೆಯಾಗಿದೆ.

4. ಚನ್ನಗಿರಿ: ಹೆಸರೊಳಗಿನ ವಿಮರ್ಶೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನಾಡಿನ ಅತಿ ದೊಡ್ಡ ಕೆರೆಗಳಲ್ಲಿ ಒಂದು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಏರಿ ಕಟ್ಟಿ, ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳದ ನೀರನ್ನು ಹಿಡಿದಿಟ್ಟಿರುವ ಈ ಕೆರೆಯ ನಿರ್ಮಾಣ ಕೌಶಲ ಎಂಜಿನಿಯರುಗಳ ಮೆಚ್ಚುಗೆಯನ್ನು ಪಡೆದಿದೆ. ಇದರ ಹುಟ್ಟನ್ನು ಕುರಿತ ಐತಿಹ್ಯಕ್ಕೆ ಹಲವು ಪಾಠಗಳಿವೆ. ಅವುಗಳ ಸಾಮಾನ್ಯ ಎಳೆ ಹೀಗಿದೆ: ಅರಸನ ಮಗಳಾದ ಶಾಂತವ್ವ ತನ್ನ ಇಚ್ಛೆಯಂತೆ ಒಬ್ಬನೊಡನೆ ಹೋಗಿ ಬಂದುದಕ್ಕಾಗಿ ತಂದೆಯಿಂದ ನಿಂದೆಗೆ ಒಳಗಾಗುತ್ತಾಳೆ, ಆ ಕಳಂಕವನ್ನು ಕಳೆದುಕೊಳ್ಳಲು ಕೆರೆ ಕಟ್ಟಿಸಲು ಮುಂದಾಗುತ್ತಾಳೆ, ಕೆರೆಯ ಪಾತ್ರದಲ್ಲಿದ್ದ ನೆಲ ಸೂಳೆಯರದು, ತಮ್ಮ ಹೆಸರನ್ನು ಕೆರೆಗಿಡಬೇಕೆಂಬ ಷರತ್ತಿನ ಮೇಲೆ ಅವರು ಆ ನೆಲವನ್ನು ಬಿಟ್ಟುಕೊಡುತ್ತಾರೆ.

ಕೆರೆಯ ನಿರ್ಮಾಣವನ್ನು ಹೆಣ್ಣಿನ ಬಲಿಯೊಡನೆ ಕೂಡಿಸುವ ಕಥನಗಳು ಕನ್ನಡದಲ್ಲಿ ಪ್ರಸಿದ್ಧ. ‘ಕೆರೆಗೆ ಹಾರ’ದ ಭಾಗೀರಥಿ ಮನೆಯವರ ನಿರ್ಧಾರಕ್ಕೆ ಮೌನವಾಗಿ ಬಲಿಯಾಗುತ್ತಾಳೆ, ಅಲ್ಲಿನ ವಿಮರ್ಶೆ ಕೇಳುಗನ ಮನಸ್ಸಿನಲ್ಲಿ ಹುಟ್ಟಬೇಕಾದುದು. ಸೂಳೆಕೆರೆಯ ಐತಿಹ್ಯದಲ್ಲಿ ಹೆಣ್ಣು ಬಲಿಯಾಗುವುದಿಲ್ಲ, ಕಟ್ಟಿಸುತ್ತಾಳೆ. ತಂದೆ ಬೈಗುಳವಾಗಿ ಆಡಿದ ಮಾತು ಕೊನೆಗೆ ಊರಿಗೆಲ್ಲ ನೀರು ಕೊಡುವ ಕೆರೆಯ ಹೆಸರಾಗಿ ನಿಲ್ಲುತ್ತದೆ. ನೀರು ಬೇಕಾದವರೆಲ್ಲ ಆ ಹೆಸರನ್ನು ನಾಲಗೆಯ ಮೇಲೆ ತರಲೇಬೇಕು. ಯಾರನ್ನು ಸಮಾಜ ಹೊರಗಿಟ್ಟಿತೋ ಅವರ ನೆಲದ ಮೇಲೆಯೇ ಸಮಾಜದ ಬದುಕು ನಿಂತಿದೆ ಎಂಬ ಸತ್ಯವನ್ನು ಯಾವ ಘೋಷಣೆಯೂ ಇಲ್ಲದೆ ಒಂದು ಸ್ಥಳನಾಮ ಶತಮಾನಗಳ ಕಾಲ ಹೇಳುತ್ತ ಬಂದಿದೆ.

ಈ ಕೆರೆಗೆ ‘ಶಾಂತಿಸಾಗರ’ ಎಂಬ ಹೆಸರೂ ರೂಢಿಯಲ್ಲಿದ್ದು ಬರಹದಲ್ಲಿ ಅದಕ್ಕೆ ಪ್ರಾಶಸ್ತ್ಯ ದೊರೆತಿದೆ. ಹಳೆಯ ಹೆಸರು ಆಡಲು ಮುಜುಗರ ತರುವಂಥದು ಎಂಬ ಭಾವನೆ ಇದರ ಹಿಂದಿರುವುದು ಸ್ಪಷ್ಟ. ಹೊಸ ಹೆಸರಿನಲ್ಲಿ ಶಾಂತವ್ವನ ನೆನಪಿನ ಒಂದು ಛಾಯೆ ಉಳಿಯುತ್ತದೆ. ಆದರೆ ಷರತ್ತು ಹಾಕಿದವರ ನೆನಪು ಪೂರ್ತಿಯಾಗಿ ಅಳಿಯುತ್ತದೆ. ಮುಜುಗರವೇ ಐತಿಹ್ಯದ ವಿಮರ್ಶೆಯ ಸಾಧನವಾಗಿದ್ದುದರಿಂದ ಮುಜುಗರವನ್ನು ತೆಗೆದುಹಾಕಿದಾಗ ವಿಮರ್ಶೆಯೂ ಹೋಗುತ್ತದೆ. ಸ್ಥಳನಾಮ ಅಧ್ಯಯನಗಳು ಇಂತಹ ಬದಲಾವಣೆಯನ್ನು ಸಂಸ್ಕೃತೀಕರಣವೆಂದು ದಾಖಲಿಸಿ ನಿಲ್ಲದೆ, ಅದು ಯಾವ ಮಾತನ್ನು ಮೌನವಾಗಿಸಿತು ಎಂಬುದನ್ನೂ ಕೇಳಬೇಕಾಗಿದೆ.

ಇದೇ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು 1967ರಲ್ಲಿ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಯಾವ ಮಾತು ಯಾವ ಜಾಗಕ್ಕೆ ತಕ್ಕುದಲ್ಲ ಎಂಬ ಒಪ್ಪಿತ ನಂಬಿಕೆಯನ್ನು ಆ ಜಾಗದಲ್ಲೇ ಆ ಮಾತನ್ನಾಡಿ ಪ್ರಶ್ನಿಸುವ ಕ್ರಮ ಎರಡು ಸಂದರ್ಭಗಳಲ್ಲೂ ಕಾಣುತ್ತದೆ. ಸಂದರ್ಭಗಳು ತೀರ ಭಿನ್ನವಾದರೂ ಭಾಷಿಕ ಕ್ರಿಯೆಯ ಸಾಮ್ಯ ಗಮನಾರ್ಹ.

5. ಹೊನ್ನಾಳಿ: ಕೂಟ

1830-31ರ ನಗರ ಬಂಡಾಯದಲ್ಲಿ ಹೊನ್ನಾಳಿ ಸೀಮೆ ಮುಖ್ಯ ಕೇಂದ್ರಗಳಲ್ಲಿ ಒಂದಾಗಿತ್ತು. ಅಮಲ್ದಾರರು ಇಂತಿಷ್ಟು ಕಂದಾಯ ವಸೂಲು ಮಾಡಿಕೊಡುವುದಾಗಿ ಸರ್ಕಾರಕ್ಕೆ ಬರೆದುಕೊಡಬೇಕಾಗಿದ್ದ ‘ಶರತ್ತು’ ಪದ್ಧತಿ, ಅದರಿಂದ ಹೆಚ್ಚಿದ ವಸೂಲಿಯ ಕ್ರೌರ್ಯ, ಬಗೆಬಗೆಯ ಪಟ್ಟಿಗಳ ಹೊರೆ ಇವು ರೈತರ ಅಸಮಾಧಾನಕ್ಕೆ ಕಾರಣಗಳಾಗಿದ್ದವು. ಇಂದಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ, ಹೊನ್ನಾಳಿ ಮೊದಲಾದೆಡೆ ರೈತರು ನೆರೆದು ಕಂದಾಯ ಕೊಡಲು ನಿರಾಕರಿಸಿದರು. ಈ ನೆರವಿಗಳಿಗೆ ‘ಕೂಟ’ ಎಂಬ ಹೆಸರಿತ್ತು. ಬೂದಿ ಬಸವಪ್ಪನು ನಗರದ ಸಿಂಹಾಸನದ ಹಕ್ಕುದಾರನೆಂದು ಮುಂದೆ ಬಂದುದರಿಂದ ದಂಗೆಗೆ ರಾಜಕೀಯ ಸ್ವರೂಪ ಬಂದಿತು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಸಮಿತಿಯ ವರದಿ 1833ರಲ್ಲಿ ಸಿದ್ಧವಾಯಿತು.

ಚರಿತ್ರೆಕಾರರು ಈ ಘಟನೆಯನ್ನು ರೈತ ದಂಗೆಯಾಗಿ, ಪಾಳೆಯಗಾರಿಕೆಯ ಪುನರುತ್ಥಾನವಾಗಿ, ಅಧಿಕಾರಿ ಗುಂಪುಗಳ ಕಲಹವಾಗಿ ಬೇರೆಬೇರೆ ಬಗೆಯಲ್ಲಿ ಅರ್ಥೈಸಿದ್ದಾರೆ. ಪ್ರಸ್ತುತ ಚರ್ಚೆಗೆ ಬೇಕಾದುದು ‘ಕೂಟ’ವೆಂಬ ಪದ. ಮೊದಲ ಭಾಗದಲ್ಲಿ ಗಮನಿಸಿದಂತೆ ‘ಸಮಾಜ’ಕ್ಕೂ ‘ಸಮ್‌ಫುನ್’ಗೂ ಕೂಡುವುದು ಎಂಬುದೇ ಮೂಲಾರ್ಥ. ಹೊನ್ನಾಳಿ ಸೀಮೆಯ ರೈತರ ಬಾಯಲ್ಲಿ ಕೂಡುವಿಕೆ ಮತ್ತು ಆಕ್ಷೇಪಿಸುವಿಕೆ ಒಂದೇ ಪದದೊಳಗೆ ಸೇರಿದ್ದವು. ಬಿಡಿಬಿಡಿಯಾಗಿದ್ದಾಗ ಅವರು ಕಂದಾಯ ಕೊಡುವ ಪ್ರಜೆಗಳು. ಕೂಡಿದಾಗ ಕಂದಾಯದ ನ್ಯಾಯಾನ್ಯಾಯವನ್ನು ಕೇಳುವವರು. ‘ಸಮಾಜದ ವಿಮರ್ಶೆ’ ಎಂಬಲ್ಲಿ ಷಷ್ಠಿಯ ಎರಡೂ ಅರ್ಥಗಳು ಇಲ್ಲಿ ಒಟ್ಟಿಗೆ ಸಾರ್ಥಕವಾಗುತ್ತವೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಕೂಟದ ಮಾತುಗಳು ಇಂದು ದೊರೆಯುವುದು ಬಹುಮಟ್ಟಿಗೆ ಆಡಳಿತದ ಕಡತಗಳ ಮೂಲಕ, ಅಂದರೆ ಅದನ್ನು ಅಡಗಿಸಿದವರ ಭಾಷೆಯ ಮೂಲಕ. ವಿಚಾರಣೆಯ ವರದಿ ರೈತರ ದೂರುಗಳನ್ನು ದಾಖಲಿಸುವಾಗ ಆಡಳಿತವನ್ನು ವಹಿಸಿಕೊಂಡುದಕ್ಕೆ ಸಮರ್ಥನೆಯನ್ನೂ ಒದಗಿಸುತ್ತದೆ. ಆಳುವವನ ಅಗತ್ಯಕ್ಕೆ ತಕ್ಕಂತೆ ಆಳಿಸಿಕೊಂಡವರ ವಿಮರ್ಶೆ ದಾಖಲಾಗುವ ಈ ಸ್ಥಿತಿಯನ್ನು ಗಮನದಲ್ಲಿಟ್ಟೇ ಕೂಟವನ್ನು ಸಮಾಜವಿಮರ್ಶೆಯ ಪಠ್ಯವಾಗಿ ಓದಬೇಕಾಗುತ್ತದೆ.

6. ನ್ಯಾಮತಿ: ಲಿಪಿಯಿಲ್ಲದ ವಿಮರ್ಶೆ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಸಂಪ್ರದಾಯದ ಪ್ರಕಾರ ಅವರು ಜನಿಸಿದುದು 1739ರಲ್ಲಿ. ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿ ದೇಶದುದ್ದಕ್ಕೂ ಸಾಗುತ್ತಿದ್ದ ಈ ಸಮುದಾಯದ ಜೀವನಕ್ರಮವು ರೈಲು ಮತ್ತು ವಸಾಹತು ಆಡಳಿತದ ವ್ಯಾಪಾರ ನೀತಿಗಳಿಂದ ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಕೆಲವು ಪ್ರಾಂತಗಳಲ್ಲಿ ಬಂಜಾರ ಗುಂಪುಗಳನ್ನೂ ಹುಟ್ಟಿನಿಂದಲೇ ಅಪರಾಧಿಗಳೆಂದು ಪರಿಗಣಿಸಲಾಯಿತು. ಆ ಕಾಯಿದೆ ರದ್ದಾದುದು 1952ರಲ್ಲಿ. ಕೋಪನ್‌ಹೇಗನ್ನಿನಲ್ಲಿ ಬ್ರಾಂಡೆಸ್ ಸಾಹಿತ್ಯವು ಸಮಾಜವನ್ನು ವಿಮರ್ಶಿಸಬೇಕೆಂದು ಉಪನ್ಯಾಸ ಪ್ರಾರಂಭಿಸಿದ ವರ್ಷವೇ ಭಾರತದಲ್ಲಿ ಇಡೀ ಸಮುದಾಯಗಳಿಗೆ ಕಾನೂನು ಒಂದು ವಿಶೇಷಣವನ್ನು ಅಂಟಿಸಿತು. ವಿಶೇಷಣವೆಂಬುದು ನಿರಪಾಯಕಾರಿ ವ್ಯಾಕರಣಾಂಶವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಬಂಜಾರರ ಮಾತು ಇಂಡೋ-ಆರ್ಯನ್ ವರ್ಗಕ್ಕೆ ಸೇರಿದ್ದು, ಅದಕ್ಕೆ ತನ್ನದೇ ಲಿಪಿಯಿಲ್ಲ. ಸೇವಾಲಾಲರ ಕಥನಗಳೂ ಬೋಧೆಗಳೂ ಉಳಿದುಬಂದಿರುವುದು ಹಾಡಿನಲ್ಲಿ. ಮದುವೆಯ ಸಂದರ್ಭದಲ್ಲಿ ಮದುಮಗಳು ತಾಂಡಾವನ್ನು ಬಿಟ್ಟು ಹೊರಡುವಾಗ ಅಳುತ್ತ ಹಾಡುವ ‘ಢಾವಲೊ’ ಇಲ್ಲಿ ವಿಶೇಷವಾಗಿ ಪ್ರಸ್ತುತ. ಅಳುವುದನ್ನು ಹಿರಿಯ ಹೆಂಗಸರಿಂದ ಕಲಿಯಬೇಕು. ಅದಕ್ಕೆ ಧಾಟಿಯಿದೆ, ಕ್ರಮವಿದೆ. ತವರಿನ ಹೊಗಳಿಕೆ, ಅಗಲಿಕೆಯ ನೋವುಗಳ ಜೊತೆಗೆ ತನ್ನನ್ನು ಬೇರೆ ಮನೆಗೆ ಕಳುಹಿಸುತ್ತಿರುವವರ ಮೇಲಿನ ದೂರಿಗೂ ಅದರಲ್ಲಿ ಎಡೆಯುಂಟು. ಹಬ್ಬದ ದಿನ, ಎಲ್ಲರ ಎದುರಿಗೆ, ಆಚರಣೆಯ ರಕ್ಷಣೆಯಲ್ಲಿ ಹೆಣ್ಣು ಬಂಧುಗಳನ್ನು ನೇರವಾಗಿ ಸಂಬೋಧಿಸಿ ದೂರಬಲ್ಲಳು. ಮರುದಿನ ಆ ಅವಕಾಶವಿರುವುದಿಲ್ಲ.

ಇಂತಹ ರೂಪಗಳನ್ನು ಕುರಿತು ಎರಡು ವಾದಗಳಿವೆ. ಆಚರಣೆಯೊಳಗಿನ ದೂರು ವ್ಯವಸ್ಥೆಯನ್ನು ಬದಲಿಸುವುದಿಲ್ಲ, ಅಸಮಾಧಾನವನ್ನು ಹೊರಹಾಕಿ ವ್ಯವಸ್ಥೆಯನ್ನೇ ಗಟ್ಟಿಗೊಳಿಸುತ್ತದೆ ಎಂಬುದು ಒಂದು. ದೂರನ್ನು ಧಾಟಿಯಾಗಿ ಉಳಿಸಿ ತಲೆಮಾರಿನಿಂದ ತಲೆಮಾರಿಗೆ ಕಲಿಸುವುದೇ ವಿಮರ್ಶೆಯ ನಿರಂತರತೆ ಎಂಬುದು ಇನ್ನೊಂದು. ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಕುಟುಂಬಗಳು ವರ್ಷದ ಹಲವು ತಿಂಗಳು ತಾಂಡಾ ಬಿಟ್ಟು ಹೋಗಬೇಕಾದ ಸ್ಥಿತಿಯಲ್ಲಿ ಕಲಿಸುವವರೂ ಕಲಿಯುವವರೂ ಒಂದೆಡೆ ಕೂಡುವ ಅವಕಾಶ ಕಡಿಮೆಯಾಗುತ್ತದೆ. ಬರಹಕ್ಕಿಳಿಯದ ವಿಮರ್ಶೆ ಕಲಿಯುವವರಿಲ್ಲದಾಗ ಸಾಯುತ್ತದೆ. ಕನ್ನಡ ವಿಭಾಗಗಳು ಕನ್ನಡವಲ್ಲದ ಈ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಮೂಲಪಾಠ ಸಹಿತ ಸಂಗ್ರಹಿಸುವುದು, ಅನುವಾದವನ್ನಷ್ಟೇ ಪ್ರಕಟಿಸಿ ತೃಪ್ತವಾಗದಿರುವುದು ಈ ದೃಷ್ಟಿಯಿಂದ ಅಗತ್ಯ.

7. ಜಗಳೂರು: ಮಠ ಮತ್ತು ರಂಗ

ಸಮಾಜವಿಮರ್ಶೆ ಯಾವಾಗಲೂ ಸಂಸ್ಥೆಯ ಹೊರಗಿನಿಂದಲೇ ಬರಬೇಕೆಂಬ ನಂಬಿಕೆಯನ್ನು ಪರೀಕ್ಷಿಸಲು ಜಗಳೂರು ತಕ್ಕ ನೆಲೆ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು (1914-1992) ಪ್ರಾರಂಭಿಸಿದ ತರಳಬಾಳು ಹುಣ್ಣಿಮೆಯ ಮೊದಲ ಮಹೋತ್ಸವ 1950ರಲ್ಲಿ ನಡೆದುದು ಈ ಬರಗಾಲದ ಸೀಮೆಯ ಜಗಳೂರಿನಲ್ಲಿ. ಮಠದ ಉತ್ಸವವೆಂದರೆ ಪೂಜೆ, ಅಡ್ಡಪಲ್ಲಕ್ಕಿಗಳಿಗೆ ಸೀಮಿತವೆಂಬ ರೂಢಿಯನ್ನು ಮೀರಿ ಅದು ಊರಿಂದೂರಿಗೆ ಸಾಗುವ ವಿಚಾರವೇದಿಕೆಯಾಗಿ ಬೆಳೆಯಿತು. ಸ್ವಾಮಿಗಳು ಸ್ವತಃ ನಾಟಕಗಳನ್ನು ಬರೆದು, ಕಲಾತಂಡದ ಮೂಲಕ ಆಡಿಸಿದರು. ‘ಮರಣವೇ ಮಹಾನವಮಿ’ ಕಲ್ಯಾಣಕ್ರಾಂತಿಯನ್ನೂ ‘ವಿಶ್ವಬಂಧು ಮರುಳಸಿದ್ಧ’ ಪೀಠದ ಮೂಲಪುರುಷನ ಬದುಕನ್ನೂ ವಸ್ತುವಾಗುಳ್ಳವು.

ಕಲ್ಯಾಣದ ಅದೇ ಘಟನೆಯನ್ನು ಪಿ. ಲಂಕೇಶರು 1971ರ ‘ಸಂಕ್ರಾಂತಿ’ಯಲ್ಲಿ ಭಿನ್ನವಾಗಿ ನಿರ್ವಹಿಸಿದ್ದಾರೆ. ಶಿವಮೊಗ್ಗ ಸೀಮೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶರಿಗೆ ಕಲ್ಯಾಣವು ಕ್ರಾಂತಿಯ ಒಳವಿರೋಧಗಳನ್ನು ಪರೀಕ್ಷಿಸುವ ಪ್ರಯೋಗಶಾಲೆ. ಅಲ್ಲಿ ಪ್ರಶ್ನೆಗೆ ಒಳಗಾಗುವವರಲ್ಲಿ ಶರಣರೂ ಸೇರುತ್ತಾರೆ. ಸ್ವಾಮಿಗಳ ನಾಟಕಕ್ಕೆ ಕಲ್ಯಾಣವು ಪ್ರೇಕ್ಷಕ ಭಕ್ತರು ತಮ್ಮ ಇಂದಿನ ನಡೆಯನ್ನು ಅಳೆದುಕೊಳ್ಳಬೇಕಾದ ಅಳತೆಗೋಲು. ನವ್ಯ ವಿಮರ್ಶೆಯ ಮಾನದಂಡದಲ್ಲಿ ಮೊದಲನೆಯದು ಮಾತ್ರ ‘ವಿಮರ್ಶಾತ್ಮಕ’, ಎರಡನೆಯದು ‘ಬೋಧಪ್ರದ’ ಎನಿಸಿಕೊಳ್ಳುತ್ತದೆ. ಆದರೆ ಶರಣರ ಹೆಸರಿನಲ್ಲೇ ಬದುಕುತ್ತಿರುವ ಸಮುದಾಯವನ್ನು ಶರಣರ ಸಮಾನತೆಯ ಎದುರು ನಿಲ್ಲಿಸಿ ತೋರಿಸುವುದು, ಅದೂ ಪೀಠದಲ್ಲಿ ಕುಳಿತವರೇ ತೋರಿಸುವುದು, ಒಂದು ಬಗೆಯ ಸಮಾಜವಿಮರ್ಶೆಯಲ್ಲವೆನ್ನುವುದು ಕಷ್ಟ. ಜೊತೆಗೆ ಅದರ ಮಿತಿಯನ್ನೂ ಹೇಳಬೇಕು: ಪೀಠದ ಮೇಲಿನಿಂದ ಬರುವ ವಿಮರ್ಶೆ ಪೀಠವೆಂಬ ಸಂಸ್ಥೆಯನ್ನೇ ಪ್ರಶ್ನಿಸುವಷ್ಟು ದೂರ ಹೋಗುವುದು ಅಪರೂಪ. ಭಕ್ತನು ಗುರುವಿನ ಮಾತನ್ನು ಒಪ್ಪುವುದು ವಿಮರ್ಶೆಯ ಬಲದಿಂದಲೋ ಗುರುತ್ವದ ಬಲದಿಂದಲೋ ಎಂಬ ಪ್ರಶ್ನೆ ಉಳಿಯುತ್ತದೆ.

8. ಮೂರು ಪ್ರಶ್ನೆಗಳು

ಮೇಲಿನ ಆಕರಗಳ ಆಧಾರದಿಂದ ‘ಸಮಾಜವಿಮರ್ಶಕ’ ಎಂಬ ವಿಶೇಷಣವನ್ನು ಬಳಸುವ ಮುನ್ನ ಕೇಳಬೇಕಾದ ಮೂರು ಪ್ರಶ್ನೆಗಳನ್ನು ರೂಪಿಸಬಹುದು. ಮೊದಲನೆಯದು ವಸ್ತುವಿಗೆ ಸಂಬಂಧಿಸಿದ್ದು: ಪಠ್ಯವು ವ್ಯಕ್ತಿಯ ದೋಷವನ್ನಷ್ಟೇ ಹೇಳುತ್ತದೆಯೇ ಅಥವಾ ಆ ದೋಷವನ್ನು ಸಾಧ್ಯವಾಗಿಸಿದ ಕ್ರಮವನ್ನೂ ತೋರಿಸುತ್ತದೆಯೇ? ಎರಡನೆಯದು ಧ್ವನಿಗೆ ಸಂಬಂಧಿಸಿದ್ದು: ಮಾತನಾಡುತ್ತಿರುವವರು ಯಾರು, ಅವರ ಮಾತು ಇಂದು ಯಾರ ಕೈಯಿಂದ ದೊರೆಯುತ್ತಿದೆ? ಮೂರನೆಯದು ಕೇಳುಗನಿಗೆ ಸಂಬಂಧಿಸಿದ್ದು: ವಿಮರ್ಶೆಗೆ ಒಳ ಗಾಗುವ ಸಮಾಜದಲ್ಲಿ ಕೇಳುಗನೂ ಸೇರಿದ್ದಾನೆಯೇ ಅಥವಾ ಅವನು ದೂರದಲ್ಲಿ ನಿಂತು ಇತರರ ತಪ್ಪನ್ನು ನೋಡುತ್ತಿದ್ದಾನೆಯೇ?

ಸೂಳೆಕೆರೆಯ ಐತಿಹ್ಯ ಮೊದಲ ಮತ್ತು ಮೂರನೆಯ ಪ್ರಶ್ನೆಗಳಿಗೆ ಬಲವಾದ ಉತ್ತರ ಕೊಡುತ್ತದೆ. ನೀರು ಕುಡಿಯುವವರೆಲ್ಲ ಅದರ ಕೇಳುಗರು. ಕೂಟವು ಮೊದಲನೆಯದಕ್ಕೆ ಸ್ಪಷ್ಟ ಉತ್ತರ ಕೊಟ್ಟರೂ ಎರಡನೆಯದರಲ್ಲಿ ಕಡತಗಳ ಮಧ್ಯಸ್ಥಿಕೆಯಿಂದ ಮಸುಕಾಗುತ್ತದೆ. ಢಾವಲೊ ಎರಡನೆಯ ಪ್ರಶ್ನೆಯಲ್ಲಿ ಅತ್ಯಂತ ನೇರ. ದೂರುವವಳೂ ಹಾಡುವವಳೂ ಒಬ್ಬಳೇ. ಮಠದ ನಾಟಕ ಮೂರನೆಯದರಲ್ಲಿ ಸಮರ್ಥ, ಮೊದಲನೆಯದರಲ್ಲಿ ಸೀಮಿತ. ಯಾವ ಆಕರವೂ ಮೂರಕ್ಕೂ ಪೂರ್ಣ ಅಂಕ ಪಡೆಯುವುದಿಲ್ಲ. ಚಳವಳಿಗಳ ಸಾಹಿತ್ಯವನ್ನೂ ಇದೇ ಪ್ರಶ್ನೆಗಳಿಗೆ ಒಡ್ಡಿದರೆ ಅಲ್ಲಿಯೂ ಇಂತಹುದೇ ಏರಿಳಿತ ಕಾಣುತ್ತದೆ. ಮೂರನೆಯ ಪ್ರಶ್ನೆಯಲ್ಲಿ ಅನೇಕ ಘೋಷಣಾ ಕವಿತೆಗಳು ಸೋಲುವುದನ್ನು ಬಂಡಾಯದ ಒಳಗಿನ ವಿಮರ್ಶಕರೇ ಗುರುತಿಸಿದ್ದಾರೆ.

ಹೊಸ ವಿಶೇಷಣವೊಂದು ಹೊಸ ಹಣೆಪಟ್ಟಿಯಾಗುವ ಅಪಾಯ ಇದ್ದೇ ಇದೆ. ಎಲ್ಲವನ್ನೂ ‘ಸಮಾಜವಿಮರ್ಶಕ’ ಎಂದು ಕರೆದರೆ ಆ ಮಾತಿಗೆ ಅರ್ಥವುಳಿಯದು. ದಲಿತ, ಬಂಡಾಯ ಎಂಬ ಹೆಸರುಗಳ ಹಿಂದೆ ಇರುವ ನೋವು ಮತ್ತು ಹೋರಾಟದ ಚರಿತ್ರೆಯನ್ನು ತಟಸ್ಥ ಪದವೊಂದು ಮರೆಮಾಚಲೂಬಹುದು. ಆದ್ದರಿಂದ ಈ ವಿಶೇಷಣ ಆ ಹೆಸರುಗಳಿಗೆ ಬದಲಿಯಾಗಿ ಬರತಕ್ಕದ್ದಲ್ಲ. ಚಳವಳಿಯ ಹೆಸರು ದೊರೆಯದ ಪಠ್ಯಗಳನ್ನು ಅದೇ ಗೌರವದಿಂದ, ಅದೇ ಕಾಠಿಣ್ಯದಿಂದ ಓದಲು ಅದು ಒಂದು ಉಪಕರಣವಾಗಬಹುದು, ಅಷ್ಟೆ.

ಒಟ್ಟಿನಲ್ಲಿ, ಡೇನಿಶ್ ಪದವು ಕನ್ನಡಕ್ಕೆ ಒದಗಿಸುವುದು ಒಂದು ಅನುವಾದದ ಸಮಸ್ಯೆಯನ್ನಲ್ಲ, ತನ್ನದೇ ಪದಕೋಶವನ್ನು ಮರುಪರಿಶೀಲಿಸುವ ಅವಕಾಶವನ್ನು. ಖಂಡನೆ ತುಂಡರಿಸುತ್ತದೆ, ವಿಮರ್ಶೆ ಮುಟ್ಟುತ್ತದೆ. ಚನ್ನಗಿರಿಯ ಕೆರೆಯ ಹೆಸರು, ಹೊನ್ನಾಳಿಯ ಕೂಟ, ನ್ಯಾಮತಿಯ ತಾಂಡಾದ ಅಳುಹಾಡು, ಜಗಳೂರಿನ ಹುಣ್ಣಿಮೆಯ ರಂಗ ಇವು ತಾವು ಪ್ರಶ್ನಿಸುವ ಸಮಾಜದ ಒಳಗಿದ್ದು ಅದನ್ನು ಮುಟ್ಟಿ ಮಾತನಾಡುತ್ತವೆ. ಜಿಲ್ಲಾ ಸಾಹಿತ್ಯ ಚರಿತ್ರೆಗಳನ್ನು ಬರೆಯುವವರು, ಸ್ನಾತಕೋತ್ತರ ಪಠ್ಯಕ್ರಮವನ್ನು ರೂಪಿಸುವವರು ಸಮಾಜವಿಮರ್ಶೆಯ ಅಧ್ಯಾಯವನ್ನು 1940ರಿಂದಲೋ 1970ರಿಂದಲೋ ಪ್ರಾರಂಭಿಸುವ ಮೊದಲು ಈ ಆಕರಗಳಿಗೆ ಅಲ್ಲಿ ಸ್ಥಾನವೇಕಿಲ್ಲವೆಂಬುದಕ್ಕೆ ಕಾರಣ ಕೊಡಬೇಕಾಗುತ್ತದೆ. ಕಾರಣ ಕೊಡಲಾಗದಿದ್ದಲ್ಲಿ ಅಧ್ಯಾಯವನ್ನೇ ತಿದ್ದಬೇಕಾಗುತ್ತದೆ.